ಹಾಯಿಲಿನ ಅಡುಗೆಮನೆಯಲ್ಲಿ ಒಬ್ಬ ಚಕ್ರವರ್ತಿ

ಅಥವಾ ಅದು ಎಡಗಾಲೇ ಇದ್ದಿರಬಹುದು. ಇಷ್ಟು ವರ್ಷ ಬಲಗಾಲು ಎಂದೇ ಹೇಳುತ್ತ ಬಂದಿದ್ದೇನೆ, ಕಣ್ಣು ಮುಚ್ಚಿದರೆ ಬಲಗಾಲೇ ಕಾಣುತ್ತದೆ: ಹೆಬ್ಬೆರಳಿನ ಬುಡದಲ್ಲಿ ಊದಿದ ಗಂಟು, ಅದರ ಸುತ್ತ ಬಿಗಿದು ಹೊಳೆಯುವ ಕೆಂಪು ಚರ್ಮ. ಆದರೆ ಅವರು ಕೂರುತ್ತಿದ್ದುದು ನನಗೆ ಎದುರಾಗಿ. ಎದುರಿನಿಂದ ನೋಡಿದವನಿಗೆ ಎಡ ಬಲವಾಗುವುದು ಕಷ್ಟವೇನಲ್ಲ. ಹೋದ ವಾರ ಅವರು ತೀರಿಕೊಂಡ ಸುದ್ದಿ ಬಂತು. ಹಳೆಯ ಅಡುಗೆಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಒಂದು ಫೋಟೋ ಹಾಕಿದರು. ದೊಡ್ಡದು ಮಾಡಿ ಕಾಲು ನೋಡಿದೆ. ಎರಡೂ ಕಾಲಿಗೆ ಸಾಕ್ಸ್ ಇತ್ತು.

ಕಾಲನ್ನೇ ಸರಿಯಾಗಿ ಹೇಳಲಾಗದವನು ಮನುಷ್ಯನನ್ನು ಹೇಗೆ ಹೇಳುತ್ತೇನೆ ಎಂಬ ಅನುಮಾನ ಓದುವವರಿಗೂ ಇರಲಿ. ನನಗಂತೂ ಇದೆ.

ಎಲ್ಲರೂ ಅವರನ್ನು ಮುಅಲ್ಲಿಂ ಎಂದು ಕರೆಯುತ್ತಿದ್ದರು. ಸೌದಿಯಲ್ಲಿ ಯಾವ ಕಸುಬಿನಲ್ಲೇ ಆಗಲಿ, ಕೈಕೆಳಗೆ ನಾಲ್ಕು ಜನರಿರುವ ದೊಡ್ಡ ಮೇಸ್ತ್ರಿಗೆ ಆ ಹೆಸರು. ಇವರು ಹಾಯಿಲ್ ಪಟ್ಟಣದ ಅಂಚಿನ ಒಂದು ಅಡುಗೆಮನೆಯ ಮೇಸ್ತ್ರಿ. ಅದು ಹೋಟೆಲಲ್ಲ, ಅಲ್ಲಿ ಕುರ್ಚಿ ಮೇಜು ಇರಲಿಲ್ಲ. ಮದುವೆ, ಔತಣ, ಸಾವಿನ ಊಟ ಏನಿದ್ದರೂ ಜನ ತಮ್ಮ ಕುರಿಯನ್ನು ಕೊಯ್ಯಿಸಿ ತರುತ್ತಿದ್ದರು. ನಾವು ಅದನ್ನು ಇಡಿಯಾಗಿ ಬೇಯಿಸಿ, ಅದೇ ಸಾರಿನಲ್ಲಿ ಅಕ್ಕಿ ಬೇಯಿಸಿ ಕಬ್ಸಾ ಮಾಡಿ, ಒಬ್ಬ ಆಳು ಮಲಗುವಷ್ಟು ದೊಡ್ಡ ತಟ್ಟೆಯಲ್ಲಿ ಕುರಿಯನ್ನು ಅನ್ನದ ಮೇಲೆ ಕೂರಿಸಿ ಕಳಿಸುತ್ತಿದ್ದೆವು. ಮುಂದಿನ ಕಟ್ಟೆಯಲ್ಲಿ ನಿಂತು ಕುರಿ ಪಡೆದುಕೊಳ್ಳುವುದು, ಅದರ ಹಿಂಗಾಲಿಗೆ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತಂತಿಯಿಂದ ಕಟ್ಟುವುದು, ಅದೇ ನಂಬರನ್ನು ಹೆಸರಿನ ಎದುರು ಬರೆಯುವುದು ನನ್ನ ಕೆಲಸ. ಅಷ್ಟೇ ಕೆಲಸ. ಆದರೆ ಅದು ತಪ್ಪಿದರೆ ಉಳಿದ ಯಾವುದೂ ಸರಿಯಾಗುವ ಹಾಗಿರಲಿಲ್ಲ. ತಾನು ಸಾಕಿದ ಕುರಿ ಎಂದು ನಂಬಿ ಬೇರೆಯವರ ಕುರಿಯನ್ನು ಅತಿಥಿಯ ಮುಂದಿಡುವುದು ಆ ಊರಿನಲ್ಲಿ ಸಣ್ಣ ಅವಮಾನವಲ್ಲ.

ಅವರು ಬಂಟ್ವಾಳ ಕಡೆಯ ಬ್ಯಾರಿ. ನಾನು ಭಟ್ಕಳದವನು, ಮನೆಯಲ್ಲಿ ನವಾಯತಿ. ಅವರ ಬ್ಯಾರಿ ನನಗೆ ಬಾರದು, ನನ್ನ ನವಾಯತಿ ಅವರಿಗೆ ಬಾರದು. ಹಾಗಾಗಿ ಮರಳುಗಾಡಿನ ನಡುವೆ ನಮ್ಮಿಬ್ಬರಿಗೆ ಉಳಿದದ್ದು ಕನ್ನಡ. ಅವರ ಹೆಸರು ನನಗೆ ಗೊತ್ತು, ವಾಸದ ಪರವಾನಗಿಯಾದ ಇಕಾಮಾದ ಪ್ರತಿ ತೆಗೆಸಿಕೊಟ್ಟವನು ನಾನೇ. ಆದರೂ ಬರೆಯುವುದಿಲ್ಲ. ಆ ಹೆಸರಿನಿಂದ ಅವರನ್ನು ಕರೆಯುತ್ತಿದ್ದುದು ಆಸ್ಪತ್ರೆಯಲ್ಲಿ ಮಾತ್ರ.

ಆಸ್ಪತ್ರೆಯಿಂದಲೇ ಚಕ್ರವರ್ತಿ ಬಂದದ್ದು.

ರಕ್ತದ ಚೀಟಿ ನೋಡಿದ ಈಜಿಪ್ಟಿನ ಡಾಕ್ಟರು, “ಇದು ಗೌಟ್, ಇದಕ್ಕೆ ಅರಸರ ಕಾಯಿಲೆ ಅಂತಾರೆ. ದಿನಾ ಮಾಂಸ ತಿನ್ನುವವರಿಗೆ ಬರುವುದು. ನಿನಗೆ ಹೇಗೆ ಬಂತು?” ಎಂದು ಕೇಳಿದರಂತೆ. ಇವರು, “ನಾನು ಅರಸರಿಗೆ ಅಡುಗೆ ಮಾಡುವವ ಡಾಕ್ಟ್ರೇ, ರುಚಿ ನೋಡಿ ನೋಡಿ ಬಂದಿರ್ಬೇಕು” ಎಂದರಂತೆ. ಡಾಕ್ಟರು ನಗಲಿಲ್ಲ. ಕೆಂಪು ಮಾಂಸ ಬಿಡು, ಒಳಗಿನ ಮಾಂಸವನ್ನಂತೂ ಮುಟ್ಟಲೇಬೇಡ, ಕಲಿಜ ಮೂತ್ರಪಿಂಡ ತಿಂದರೆ ಮಾರನೇ ದಿನ ನಡೆಯಲಾರೆ ಎಂದು ಬರೆದುಕೊಟ್ಟರು. ಅದನ್ನು ನನ್ನಿಂದ ಓದಿಸಿದ ಮೇಲೆ ಮುಅಲ್ಲಿಂ ಕೇಳಿದ್ದು ಔಷಧದ ಬಗ್ಗೆ ಅಲ್ಲ.

“ಯಾವ ಅರಸನಿಗೆ ಇತ್ತು, ನೋಡು ಮಾರಾಯ ನಿನ್ನ ಫೋನಲ್ಲಿ.”

ತುಂಬಾ ಅರಸರಿಗಿತ್ತು. ನಾನು ಮೊದಲು ಸಿಕ್ಕವನನ್ನು ಹಿಡಿದುಕೊಂಡೆ. ಐನೂರು ವರ್ಷಗಳ ಹಿಂದೆ ಯುರೋಪಿನ ಅರ್ಧವನ್ನೂ ಸಮುದ್ರದಾಚೆಯ ಹೊಸ ನಾಡುಗಳನ್ನೂ ಆಳಿದವನು. ಇಪ್ಪತ್ತು ತುಂಬುವ ಮೊದಲೇ ಚಕ್ರವರ್ತಿಯಾದ, ಮೂವತ್ತು ತುಂಬುವ ಮೊದಲೇ ಕಾಲು ಹಿಡಿಯಿತು. ಆಮೇಲೆ ಬದುಕಿದಷ್ಟು ಕಾಲ ಬಿಟ್ಟು ಬಿಟ್ಟು ಬರುವ ನೋವು: ಮೊದಲು ಕಾಲಿಗೆ, ಆಮೇಲೆ ಮೊಣಕಾಲಿಗೆ, ಕೈಗೆ. ಕಾಗದಕ್ಕೆ ಸಹಿ ಹಾಕಲಾಗದ ದಿನಗಳಿದ್ದವು. ಆದರೂ ಒಂದು ಊರಲ್ಲಿ ನಿಲ್ಲಲಿಲ್ಲ. ರಾಜ್ಯ ಅಷ್ಟು ದೊಡ್ಡದಿದ್ದ ಕಾರಣ ಬದುಕೆಲ್ಲ ದಾರಿಯ ಮೇಲೆಯೇ, ಕುದುರೆ ಏರಲಾಗದ ದಿನ ಪಲ್ಲಕ್ಕಿಯಲ್ಲಿ.

ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ದಿನಕ್ಕೆ ಸ್ವಲ್ಪ. ಮಧ್ಯಾಹ್ನದ ತಟ್ಟೆಗಳೆಲ್ಲ ಹೋದ ಮೇಲೆ, ಅಸರ್ ನಮಾಜಿನ ಮೊದಲು ಸಿಗುವ ಬಿಡುವಿನಲ್ಲಿ ಅವರು ಕರೆಯುತ್ತಿದ್ದರು: “ಓ ಭಟ್ಕಳಿ, ನಿನ್ನ ರಾಜ ಇವತ್ತು ಎಲ್ಲಿಗೆ ಮುಟ್ಟಿದ?”

ಅವರ ಪ್ರಶ್ನೆಗಳು ನನ್ನ ಪುಟಗಳಿಗಿಂತ ಹೆಚ್ಚಿದ್ದವು. ಪಲ್ಲಕ್ಕಿಗೆ ಪರದೆ ಇತ್ತಾ? ಇತ್ತು ಎಂದೆ, ಕೆಂಪು ಎಂದೆ. ಅದು ಎಲ್ಲಿಯೂ ಬರೆದಿರಲಿಲ್ಲ. ಇನ್ನೊಬ್ಬ ರಾಜನ ಹುಚ್ಚನ್ನು ಒಂದೆರಡು ದಿನ ಇವನಿಗೇ ಹಚ್ಚಿದ್ದೆ ಎಂದು ಆಮೇಲೆ ತಿಳಿಯಿತು. ಅವರು ತಿಳಿದುಕೊಂಡು ಹೋದ ಚಕ್ರವರ್ತಿ ಪೂರ್ತಿ ನಿಜವಾದವನಲ್ಲ. ನಾನು ಇಲ್ಲಿ ಬರೆಯುತ್ತಿರುವ ಮುಅಲ್ಲಿಂ ಕೂಡ ಅಷ್ಟೇ ಇರಬೇಕು.

ಕೆಲವನ್ನು ಮಾತ್ರ ಖಂಡಿತವಾಗಿ ನೆನಪಿಟ್ಟಿದ್ದೇನೆ. ಚಕ್ರವರ್ತಿಯ ಕೆಳದವಡೆ ಮುಂದಕ್ಕೆ ಚಾಚಿತ್ತು, ಹಲ್ಲಿಗೆ ಹಲ್ಲು ಕೂಡುತ್ತಿರಲಿಲ್ಲ, ಅಗಿಯಲು ಆಗದೆ ಒಬ್ಬನೇ ಕೂತು ತಿನ್ನುತ್ತಿದ್ದ ಎಂದಾಗ ಅವರು ಹಂಡೆಯ ಕಡೆ ನೋಡುತ್ತ ಹೇಳಿದರು, “ಅದು ಅಡುಗೆಯವನಿಗೆ ಗೊತ್ತಿರ್ತದೆ. ಎಲುಬಿಂದ ತಾನೇ ಬಿಡುವ ಹಾಗೆ ಬೇಯಿಸಿ ಕೊಡ್ತಾನೆ. ಅವನ ಹೆಸರೆಂತ?”

“ಬರೆದಿಲ್ಲ.”

“ಬರೆಯುವುದಿಲ್ಲ,” ಎಂದರು. ಬೇಸರದಿಂದಲ್ಲ, ಉಪ್ಪು ಎಷ್ಟು ಎಂದು ಹೇಳುವಂತೆ.

ಚಕ್ರವರ್ತಿಗೆ ಗಡಿಯಾರಗಳ ಹುಚ್ಚು. ಊಟಕ್ಕೆ ರುಚಿಯೇ ಇಲ್ಲ ಎಂದು ಅವನು ಗೊಣಗಿದಾಗ ಊಟದ ಮನೆಯ ಮೇಲ್ವಿಚಾರಕ, ಇನ್ನು ಉಳಿದಿರುವುದು ಗಡಿಯಾರಗಳ ಸಾರು ಒಂದೇ ಪ್ರಭು ಎಂದನಂತೆ. ಇದನ್ನು ಕೇಳಿ ಮುಅಲ್ಲಿಂ ಕೆಮ್ಮು ಬರುವಷ್ಟು ನಕ್ಕರು. ಅಂದಿನಿಂದ ಯಾರಾದರೂ ಗಿರಾಕಿ ಊಟದ ಬಗ್ಗೆ ತಕರಾರು ತಂದರೆ ನನ್ನ ಕಡೆ ನೋಡಿ, “ಇವರಿಗೆ ಗಡಿಯಾರ ಹಾಕುವನಾ?” ಎನ್ನುತ್ತಿದ್ದರು.

“ಮುಸಲ್ಮಾನರ ಹತ್ರ ಯುದ್ಧ ಮಾಡಿದ್ದಾನಾ ಅವ?” ಎಂದು ಒಂದು ದಿನ ಕೇಳಿದರು.

“ಮಾಡಿದ್ದಾನೆ. ತುರ್ಕರ ಸುಲ್ತಾನನ ಜೊತೆ, ತುಂಬಾ ವರ್ಷ.”

“ಗೆದ್ದದ್ದು ಯಾರು?”

“ಒಮ್ಮೆ ಇವನು, ಒಮ್ಮೆ ಅವನು. ಮುಅಲ್ಲಿಂ, ಆ ಸುಲ್ತಾನನಿಗೂ ಇದೇ ಕಾಯಿಲೆ ಇತ್ತಂತೆ.”

ಅವರು ತಮ್ಮ ಕಾಲು ನೋಡಿಕೊಂಡರು. “ಇಬ್ಬರೂ ಕಾಲು ಚಾಚಿ ಎದುರೆದುರು ಕೂತಿದ್ರೆ ಅರ್ಧ ದಿವಸದಲ್ಲಿ ಮುಗೀತಿತ್ತಲ್ಲ ಮಾರಾಯ.”

ಆದರೆ ಅವರಿಗೆ ಎಲ್ಲಕ್ಕಿಂತ ಉಪಯೋಗವಾದದ್ದು ಬಟ್ಟೆಯ ಕತೆ. ಯುದ್ಧಕ್ಕೆ ಹೋಗುವಾಗ ಚಕ್ರವರ್ತಿಗೆ ಕಬ್ಬಿಣದ ರಿಕಾಬಿನಲ್ಲಿ ಪಾದ ಇಡಲು ಆಗುತ್ತಿರಲಿಲ್ಲ. ಕುದುರೆಯ ಜೀನಿಗೆ ಒಂದು ಬಟ್ಟೆಯ ಕುಣಿಕೆ ಕಟ್ಟಿಸಿ ಅದರಲ್ಲಿ ಕಾಲು ತೂಗುಹಾಕಿಕೊಂಡು ಸೇನೆಯ ಮುಂದೆ ಹೋಗುತ್ತಿದ್ದ. ಇದನ್ನು ಅವರು ಮೂರು ಸಲ ಹೇಳಿಸಿದರು. ಎಷ್ಟು ಅಗಲದ ಬಟ್ಟೆ, ಯಾವ ಕಡೆ ಗಂಟು ಎಂದು ಕೇಳಿದರು. ಮಾರನೇ ದಿನ ನಾನು ಬರುವಾಗ ದೊಡ್ಡ ಒಲೆಯ ಪಕ್ಕದ ಕಟ್ಟೆಯ ಕೊಕ್ಕೆಯಿಂದ ಅಕ್ಕಿ ಸೋಸುವ ಬಿಳಿ ಬಟ್ಟೆಯ ಕುಣಿಕೆ ಇಳಿಬಿಟ್ಟಿತ್ತು. ಹಳೇ ಕಾರಿನ ಸೀಟೊಂದನ್ನು ಪೆಟ್ಟಿಗೆಯ ಮೇಲೆ ಕೂರಿಸಿ, ಅದರ ಮೇಲೆ ಅವರು, ಕುಣಿಕೆಯಲ್ಲಿ ಕಾಲು, ಕೈಯಲ್ಲಿ ಆಳುದ್ದದ ಸಟ್ಟುಗ. ಹಂಡೆ ಎತ್ತುವ, ನಲವತ್ತು ದಾಟಿದ ಯೆಮನಿ ಸಾಲಿಂ ಒಳಗೆ ಬಂದವನು ಅಲ್ಲೇ ನಿಂತು ಸಲಾಂ ಹೊಡೆದ. “ಮೌಲಾಯ್, ನನ್ನ ಒಡೆಯಾ, ಯುದ್ಧ ಎಲ್ಲಿ?”

“ಆರನೇ ನಂಬರಿನ ಹಂಡೆಯಲ್ಲಿ,” ಎಂದರು ಮುಅಲ್ಲಿಂ. “ಯಲ್ಲಾ, ಎತ್ತು.”

ಅವರು ರುಚಿ ನೋಡದೆ ಅಡುಗೆ ಮಾಡುತ್ತಿದ್ದರು. ಇದನ್ನು ನಂಬದವರೇ ಹೆಚ್ಚು. ಡಾಕ್ಟರು ಹೇಳಿದ ದಿನದಿಂದ ಮಾಂಸ ಬಿಟ್ಟರು, ಸಾರನ್ನೂ ನಾಲಗೆಗೆ ಹಚ್ಚಲಿಲ್ಲ. ಅನ್ನ, ಮೊಸರು, ಸೌತೆಕಾಯಿ. ನಾನು ಅನುಮಾನದಿಂದ ಕೇಳಿದ್ದಕ್ಕೆ ಅವರು ಹೇಳಿದ್ದು: “ಉಪವಾಸದ ತಿಂಗಳಲ್ಲಿ ಮೂವತ್ತು ದಿವಸ ನೋಡದೆಯೇ ಮಾಡ್ತೇವಲ್ಲ. ಸಂಜೆ ಅದನ್ನು ತಿಂದವರು ಯಾರಾದ್ರೂ ಉಪ್ಪು ಹೆಚ್ಚು ಅಂತ ಬಂದದ್ದುಂಟಾ? ಒಂದು ತಿಂಗಳು ಆಗ್ತದಾದ್ರೆ ಹನ್ನೆರಡು ತಿಂಗಳೂ ಆಗ್ತದೆ.” ಮುಚ್ಚಳಕ್ಕೆ ಕಿವಿ ಇಟ್ಟು ಕುದಿತ ಕೇಳುತ್ತಿದ್ದರು. ಮುಚ್ಚಳ ಒಂದು ಬೆರಳು ಸರಿಸಿ ಹಬೆಗೆ ಮುಖ ಒಡ್ಡುತ್ತಿದ್ದರು. ಒಣನಿಂಬೆ ಒಡೆಯಿತು, ಏಲಕ್ಕಿ ಇಳಿಯಿತು, ಈ ಕುರಿಗೆ ವಯಸ್ಸಾಗಿದೆ, ಇನ್ನೂ ಅರ್ಧ ಗಂಟೆ ಎನ್ನುತ್ತಿದ್ದರು. ನಾನು ಗುಟ್ಟಾಗಿ ರುಚಿ ನೋಡಿ ಪರೀಕ್ಷಿಸಿದ್ದುಂಟು. ಎಷ್ಟು ಸಲ ಎಂದು ಹೇಳಲಾರೆ, ಆದರೆ ಒಂದು ಸಲವೂ ಅವರು ತಪ್ಪಿದ್ದು ನೆನಪಿಲ್ಲ. ನೆನಪಿಲ್ಲ ಎಂಬುದಕ್ಕೂ ತಪ್ಪಲಿಲ್ಲ ಎಂಬುದಕ್ಕೂ ವ್ಯತ್ಯಾಸವಿದೆ, ಒಪ್ಪುತ್ತೇನೆ.

ಚಕ್ರವರ್ತಿಯ ಮೇಲೆ ಅವರಿಗೆ ಒಂದೇ ಸಿಟ್ಟು. ಅವನು ಬಾಯಿ ಕಟ್ಟಲಿಲ್ಲ. ವೈದ್ಯರು ಬೇಡಿಕೊಂಡರೂ ತಣ್ಣನೆಯ ಬಿಯರು, ಉಪ್ಪಿನಲ್ಲಿ ಹಾಕಿದ ಮೀನು, ಹಾವುಮೀನಿನ ಕಡುಬು, ಮಾಂಸದ ಮೇಲೆ ಮಾಂಸ. “ಇಷ್ಟು ದೊಡ್ಡ ರಾಜ್ಯ ಹಿಡಿದವ, ನಾಲಗೆ ಹಿಡೀಲಿಕ್ಕಾಗಲಿಲ್ಲವಾ?” ಎಂದು ನಿಜವಾಗಿ ಬೇಸರಪಟ್ಟರು.

ಈ ಸಾಹಸವೆಲ್ಲ ನಮ್ಮ ವೀಸಾ ಕೈಯಲ್ಲಿಟ್ಟುಕೊಂಡ ಮಾಲೀಕ ಕಫೀಲನ ಕಣ್ಣು ತಪ್ಪಿಸಿ. ಕಫೀಲ್ ಕೆಟ್ಟವನಲ್ಲ, ಸಂಬಳ ತಡಮಾಡಿದವನಲ್ಲ. ಆದರೆ ಇವರಿಗಿಂತ ಮೊದಲಿದ್ದ ಹೈದರಾಬಾದಿನ ಅಡುಗೆಯವರು ಬೆನ್ನು ಹಿಡಿದು ಕೂತಾಗ ಒಂದೇ ವಾರದಲ್ಲಿ ದೇಶ ಬಿಡುವ ಎಕ್ಸಿಟ್ ಮುದ್ರೆ ಹೊಡೆಸಿ ಊರಿಗೆ ಕಳಿಸಿದ್ದ. ನಿಲ್ಲಲಾಗದವನಿಗೆ ಒಲೆಯ ಮುಂದೆ ಏನು ಕೆಲಸ ಎಂಬುದು ಅವನ ಲೆಕ್ಕ. ಹಾಗಾಗಿ ಗುರುವಾರ ಮಧ್ಯಾಹ್ನ ಅವನ ಕಾರಿನ ಸದ್ದು ಕೇಳಿದ ಕೂಡಲೇ ಕುಣಿಕೆ ಕೊಕ್ಕೆಯಿಂದ ಇಳಿಯುತ್ತಿತ್ತು, ಸೀಟಿನ ಮೇಲೆ ಅಕ್ಕಿ ಚೀಲ ಏರುತ್ತಿತ್ತು, ಮುಅಲ್ಲಿಂ ಬೂಟು ಹಾಕಿ ಎದ್ದು ನಿಲ್ಲುತ್ತಿದ್ದರು. ಒಮ್ಮೆ ನೋವು ಜೋರಾಗಿದ್ದ ದಿನವೇ ಅವನು ಬಂದ. ಬಂದವನು ಕಾಫಿ ತರಿಸಿದ, ಹೊಸ ಒಲೆಯ ಮಾತೆತ್ತಿದ, ಹೋಗಲಿಲ್ಲ. ಮುಅಲ್ಲಿಂ ಆ ಕಾಲ ಮೇಲೆಯೇ ನಿಂತು ಅವನ ಮಾತಿಗೆ ನಕ್ಕರು, ಅವನ ಮೊಮ್ಮಗನನ್ನು ವಿಚಾರಿಸಿದರು. ನಾನು ಗೋಡೆಯ ಗಡಿಯಾರ ನೋಡಿದ್ದೆ, ನಲವತ್ತು ನಿಮಿಷ. ಕಾರು ಹೋದ ಮೇಲೆ ಬೂಟು ಕಾಲಿನಿಂದ ಬರಲಿಲ್ಲ. ಸಾಲಿಂ ಕೋಳಿ ಕತ್ತರಿಸುವ ಕತ್ತರಿ ತಂದು ಬೂಟನ್ನೇ ಸೀಳಿದ.

“ಊರಿಗೆ ಹೋಗಿಬಿಡಿ ಮುಅಲ್ಲಿಂ,” ಎಂದೆ. “ಯಾಕೆ ಈ ಹಿಂಸೆ?”

“ಊರಲ್ಲಿ ನಾನು ಯಾರದ್ದೋ ಭಾವ, ಯಾರದ್ದೋ ಚಿಕ್ಕಪ್ಪ. ಕೂತ್ಕೊಳ್ಳಿ ಅಂತ ಕುರ್ಚಿ ಕೊಡ್ತಾರೆ,” ಎಂದರು. “ಮುಅಲ್ಲಿಂ ಅನ್ನುವ ಜಾಗ ಇದೊಂದೇ. ನಾನಾಗಿ ಇದನ್ನು ಬಿಡುವುದಿಲ್ಲ.”

ಈಗ ಆ ಶುಕ್ರವಾರ.

ಬೆಳಿಗ್ಗೆ ಎರಡು ಕುರಿಗಳು ಬೆನ್ನಿಗೆ ಬೆನ್ನು ಬಂದವು. ಒಂದನ್ನು ತಂದದ್ದು ಊರಾಚೆ ಗುಡಾರ, ಒಂಟೆ ಇರುವ ಒಬ್ಬ ಮುದುಕರ ಮಗ. ಅವರ ಮನೆಗೂ ನಜ್ರಾನಿನ ಒಂದು ಮನೆಗೂ ಎಷ್ಟೋ ವರ್ಷಗಳ ಮನಸ್ತಾಪ. ಅದು ಮುಗಿಯಲೆಂದು ಆ ದಿನ ನಜ್ರಾನಿನವರು ಊಟಕ್ಕೆ ಬರುತ್ತಿದ್ದರು. ನನ್ನ ಅಂಗಳದಲ್ಲಿ ಬೆಳೆದ ಕುರಿಯನ್ನೇ ನಿಮ್ಮ ಮುಂದೆ ಇಡುತ್ತೇನೆ ಎಂದು ಮುದುಕರು ಮಾತು ಕೊಟ್ಟಿದ್ದರಂತೆ. ಇನ್ನೊಂದು, ಒಬ್ಬ ಗುತ್ತಿಗೆದಾರ ಸಂತೆಯಿಂದ ತಂದು ಕೊಯ್ಯಿಸಿದ್ದು, ತನ್ನ ಕೆಲಸಗಾರರ ಊಟಕ್ಕೆ. ಒಂದೇ ಗಾತ್ರ. ಚರ್ಮ ಸುಲಿದ ಮೇಲೆ ಕುರಿಗೆ ಊರು ಮನೆ ಇಲ್ಲ. ಮುದುಕರದ್ದು ಏಳು, ಗುತ್ತಿಗೆದಾರನದ್ದು ಎಂಟು.

ಬಿಲ್ಲೆ ಕಟ್ಟುವಾಗ ನನ್ನ ಎಡಗೈಯಲ್ಲಿ ಫೋನಿತ್ತು. ಚಕ್ರವರ್ತಿ ಸಿಂಹಾಸನ ಬಿಡುವ ಪುಟ ಓದುತ್ತಿದ್ದೆ, ಆ ಮಧ್ಯಾಹ್ನಕ್ಕೆ ಅದು ಬೇಕಿತ್ತು. ಇಷ್ಟು ಮಾತ್ರ ನನಗೆ ಗೊತ್ತು. ಯಾವ ಬಿಲ್ಲೆಯನ್ನು ಯಾವ ಕಾಲಿಗೆ ಕಟ್ಟಿದೆ ಎಂಬುದು ಗೊತ್ತಿಲ್ಲ. ಆಗಲೂ ಗೊತ್ತಿರಲಿಲ್ಲ.

ಜುಮಾ ನಮಾಜು ಮುಗಿದ ಮೇಲೆ ಮುದುಕರ ಮಗ ತಟ್ಟೆ ಒಯ್ಯಲು ಬಂದು ಕಟ್ಟೆಯ ಹತ್ತಿರ ನಿಂತ. ಸಾಲಿಂ ಏಳನೇ ಹಂಡೆಯ ಮುಚ್ಚಳ ಎತ್ತಿದ. ಮುಅಲ್ಲಿಂ ಹಬೆಗೆ ಮುಖ ಒಡ್ಡಿದವರು ಹಿಂದೆ ಸರಿದರು. ಎಂಟನೆಯದನ್ನೂ ತೆರೆಸಿದರು. ಮತ್ತೆ ಏಳಕ್ಕೆ ಬಂದರು.

“ಸಾಲಿಂ, ಇದು ಬಾರ್ಲಿ ತಿಂದ ಕುರಿ, ಸಂತೆಯದ್ದು,” ಎಂದರು. “ಮುದುಕರ ಕುರಿ ಮರಳುಗಾಡಿನ ಸೊಪ್ಪು ತಿಂದದ್ದು, ಹಬೆಯಲ್ಲಿ ಕಹಿ ಇರ್ತದೆ. ಅದು ಎಂಟರಲ್ಲಿ ಉಂಟು. ಬದಲು ಮಾಡು.”

ಸಾಲಿಂ ನನ್ನನ್ನು ನೋಡಿದ. ಮುಅಲ್ಲಿಂ ನನ್ನ ಕಡೆ ನೋಡಲಿಲ್ಲ. ಬಿಲ್ಲೆ ಕಟ್ಟುವವನು ನಾನೊಬ್ಬನೇ, ಕೇಳುವ ಅಗತ್ಯವೇ ಇರಲಿಲ್ಲ. ಎಂಟರ ಕುರಿ ಏಳರ ತಟ್ಟೆಗೆ ಏರಿತು. ಕಟ್ಟೆಯ ಹತ್ತಿರ ನಿಂತಿದ್ದ ಮಗ ಅದನ್ನು ಪೂರ್ತಿ ನೋಡಿದ. ಒಲೆಗಳ ಸದ್ದಿನಲ್ಲಿ ಮಾತು ಕೇಳಿಸದಿದ್ದರೂ ತನ್ನ ನಂಬರಿನ ಕುರಿ ಹಂಡೆಯಲ್ಲೇ ಉಳಿದು ಬೇರೆ ನಂಬರಿನದ್ದು ತಟ್ಟೆಗೆ ಏರಿದ್ದು ಅವನಿಗೆ ಕಂಡಿತ್ತು. ಹೊರಗೆ ಹೋಗಿ ತಂದೆಗೆ ಫೋನ್ ಮಾಡಿ ಬಂದು ಮರ್ಯಾದೆಯಿಂದಲೇ ಹೇಳಿದ, “ಅಡುಗೆಯವರೂ ಜೊತೆಗೆ ಬರಲಿ ಅಂತಾರೆ ಅಪ್ಪ.”

ಪಿಕಪ್ಪಿನ ಹಿಂದಿನ ಸೀಟಿನಲ್ಲಿ ನಾವಿಬ್ಬರು. ಅವರು ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಹೇಳಬೇಕೆಂದಿದ್ದ ಮಾತು ಒಂದು, ಬಾಯಿಂದ ಬಂದದ್ದು ಇನ್ನೊಂದು: “ಮುಅಲ್ಲಿಂ, ತಪ್ಪಾಗಿದ್ದರೆ?”

“ರಾಜನ ಕತೆ ಹೇಳು. ದಾರಿ ಉಂಟಲ್ಲ,” ಎಂದರು.

ಹೇಳಿದೆ. ತುಂಬಿದ ಸಭೆ. ಕಪ್ಪು ಬಟ್ಟೆ ಹಾಕಿದ ಚಕ್ರವರ್ತಿ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯನ್ನು ಒಬ್ಬ ತರುಣನ ಹೆಗಲ ಮೇಲಿಟ್ಟು ಬಂದ. ಕನ್ನಡಕ ಹಾಕಿ ಚೀಟಿ ನೋಡುತ್ತ ತಾನು ಯಾವ ಯಾವ ದೇಶಕ್ಕೆ ಎಷ್ಟು ಸಲ ಹೋಗಿದ್ದೆ ಎಂದು ಓದಿದ. ಇನ್ನು ಆಗುವುದಿಲ್ಲ ಎಂದ. ಯಾರಿಗಾದರೂ ಅನ್ಯಾಯ ಮಾಡಿದ್ದರೆ ಕ್ಷಮಿಸಿ ಎಂದ. ಅವನು ಅತ್ತ, ಸಭೆಯೂ ಅತ್ತಿತು.

“ಹೋಗು ಅಂತ ಯಾರಾದ್ರೂ ಅಂದಿದ್ರಾ?”

“ಇಲ್ಲ. ತಾನಾಗಿಯೇ ಅಂತ ಬರೆದಿದ್ದಾರೆ.”

“ಬರೆದಿರ್ತಾರೆ,” ಎಂದರು.

ಮುದುಕರ ಮನೆಯಲ್ಲಿ ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ಬಾಗಿಲಲ್ಲಿ ಅವರು ಒಮ್ಮೆ ನೆಟ್ಟಗಾದರು. ಒಳಗೆ ಕುಂಟಲಿಲ್ಲ. ಗೋಡೆಯುದ್ದಕ್ಕೂ ದಿಂಬಿಗೆ ಒರಗಿದ ಜನ, ಮೇಲಿನ ಸ್ಥಾನದಲ್ಲಿ ನಜ್ರಾನಿನ ಹಿರಿಯ. ತಟ್ಟೆ ನಡುವೆ ಇಳಿಯಿತು. ಮುದುಕರು ದನಿ ಎತ್ತದೆ ಕೇಳಿದರು, “ಇದು ನನ್ನ ಕುರಿಯಾ?”

“ನಿಮ್ಮದೇ.”

“ಆಣೆ ಮಾಡಿ ಹೇಳ್ತೀಯಾ?”

ಅಲ್ಲಿ ಯಾರೇ ಆಗಿದ್ದರೂ ಅಲ್ಲಾಹುವಿನ ಆಣೆ ಎಂದು ಮುಗಿಸುತ್ತಿದ್ದರು. ತರಕಾರಿ ಮಾರುವವನೂ ದಿನಕ್ಕೆ ನೂರು ಸಲ ಅನ್ನುತ್ತಾನೆ. ಮುಅಲ್ಲಿಂ ಅನ್ನಲಿಲ್ಲ. “ನಾನು ಅಡುಗೆಯವನು. ನನ್ನ ಮೂಗು ಹೇಳಿದ್ದನ್ನು ಹೇಳಿದ್ದೇನೆ,” ಎಂದರು.

“ಹಾಗಾದರೆ ಕೂರು. ಮೊದಲ ತುತ್ತು ನಿನ್ನದು.”

ಅದನ್ನು ಶಿಕ್ಷೆ ಎನ್ನುವ ಹಾಗಿಲ್ಲ. ಆ ಮನೆಯವರು ಕೊಡಬಹುದಾದ ದೊಡ್ಡ ಮರ್ಯಾದೆ ಅದು. ಅಡುಗೆಯವನು ತಾನು ಮಾಡಿದ್ದನ್ನು ಒಲ್ಲೆ ಎಂದರೆ ಆ ತಟ್ಟೆಯನ್ನು ಇನ್ನು ಯಾರೂ ಮುಟ್ಟುವುದಿಲ್ಲ, ನಜ್ರಾನಿನವರು ಎದ್ದು ಹೋಗುತ್ತಾರೆ. ಕಾಯಿಲೆ ಎಂದು ಹೇಳಿದರೆ ಆ ಗಳಿಗೆಯಲ್ಲಿ ನೆಪದಂತೆ ಕೇಳಿಸುತ್ತಿತ್ತು. ನಿಜವೆಂದು ನಂಬಿದರೂ ಸಂಜೆಯೊಳಗೆ ಕಫೀಲನಿಗೆ ಮುಟ್ಟುತ್ತಿತ್ತು. ಅವರು ಕೂತರು, ಆ ಕಾಲನ್ನೂ ಮಡಚಿ ಕೂತರು. ಮುದುಕರು ತಮ್ಮ ಕೈಯಿಂದಲೇ ಆರಿಸಿದರು. ಅತಿಥಿಗೆ ಇಡುವ ಒಳ್ಳೆಯ ಭಾಗ ಯಾವುದೋ ಅದನ್ನೇ: ಕಲಿಜ, ಆಮೇಲೆ ಮೂತ್ರಪಿಂಡ, ಆಮೇಲೆ ನಾಲಗೆ. ಒಂದು ಮುಗಿದಂತೆ ಇನ್ನೊಂದು. ಎರಡು ವರ್ಷ ಸಾರಿನ ಹನಿಯನ್ನೂ ಮುಟ್ಟದವರು ಒಂದೊಂದನ್ನೂ ಬಿಸ್ಮಿಲ್ಲಾ ಹೇಳಿ, ಆತುರವಿಲ್ಲದೆ, ಎಲ್ಲರೂ ನೋಡುವಂತೆ ತಿಂದರು. ನನ್ನನ್ನೂ ಕೂರಿಸಿದ್ದರು. ನಾನು ಬರಿಯ ಅನ್ನ ಕೆದಕುತ್ತ ಅವರ ಕೈ ನೋಡುತ್ತಿದ್ದೆ.

ನಾನು ಆ ದೇಶದಲ್ಲಿ ಎತ್ತರದ ಕಟ್ಟಡ ನೋಡಿದ್ದೇನೆ, ಮಕ್ಕಾದಲ್ಲಿ ಲಕ್ಷ ಜನ ಒಟ್ಟಿಗೆ ಹಣೆ ನೆಲಕ್ಕೆ ಹಚ್ಚುವುದನ್ನು ನೋಡಿದ್ದೇನೆ. ಆ ಊಟದಷ್ಟು ದೊಡ್ಡದನ್ನು ಬೇರೆಲ್ಲೂ ನೋಡಿದ್ದಿಲ್ಲ. ಆದರೆ ಅವರ ಮುಖದಲ್ಲಿ ನೋವಿರಲಿಲ್ಲ ಎಂಬುದನ್ನೂ ಬರೆಯಬೇಕು. ಅಲ್ಲಿದ್ದದ್ದು ಸುಖ. ಎಷ್ಟು ದಿನದ ಮೇಲೆ ಸಿಕ್ಕ ರುಚಿ. ಅವರು ಬೈಯುತ್ತಿದ್ದ ಚಕ್ರವರ್ತಿಯ ಮುಖ ಊಟದ ಮುಂದೆ ಹೀಗೇ ಇರುತ್ತಿತ್ತೇನೋ. ಧೈರ್ಯವನ್ನು ನೋಡಿದೆನೋ ಹಸಿವನ್ನು ನೋಡಿದೆನೋ, ಎರಡನ್ನೂ ಬಿಡಿಸಲು ನನ್ನಿಂದ ಆಗಿಲ್ಲ.

ಮುದುಕರು ಒಂದು ತುಣುಕು ಬಾಯಿಗಿಟ್ಟು ನಿಧಾನವಾಗಿ ಅಗಿದು ತಲೆಯಾಡಿಸಿದರು. ನಜ್ರಾನಿನ ಹಿರಿಯ ಕೈ ಹಾಕಿದರು. ಎಲ್ಲರೂ ಹಾಕಿದರು. ಅತಿಥಿಯ ಎದುರಿಗೆ ಮುದುಕರು ತಲೆಯಾಡಿಸದೆ ಇನ್ನೇನು ಮಾಡಬಹುದಿತ್ತು?

ಮಾರನೇ ದಿನ ಕಾಲು, ಅದರ ಮಾರನೇ ದಿನ ಮೊಣಕಾಲು ಮತ್ತು ಮಣಿಕಟ್ಟು. ಹೊದಿಕೆಯ ಅಂಚು ತಾಗಿದರೂ ಹಲ್ಲು ಕಚ್ಚುತ್ತಿದ್ದರು. ಗುರುವಾರ ಬಂತು, ಕಾರಿನ ಸದ್ದು ಬಂತು. ಅವರು ಎದ್ದು ನಿಲ್ಲಲು ಎರಡು ಸಲ ಪ್ರಯತ್ನಿಸಿದರು. ಕಫೀಲ್ ಅಡುಗೆಮನೆಯ ಹಿಂದೆ ಅವರು ಮಲಗಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅರ್ಧ ಗಂಟೆ. ಹೊರಬಂದು, ಅವರ ಎಕ್ಸಿಟ್ ಕಾಗದ ಸಿದ್ಧಮಾಡು ಎಂದು ನನಗೆ ಹೇಳಿದ, ಮುಖ ತಿರುಗಿಸಿ ಕಾರು ಹತ್ತಿದ. ಮುಅಲ್ಲಿಂ ತಾವಾಗಿಯೇ ಕೇಳಿಕೊಂಡರು, ಕಫೀಲ್ ಬೇಡವೆಂದರೂ ಕೇಳಲಿಲ್ಲ ಎಂದು ಸಾಲಿಂ ಇಂದಿಗೂ ಹೇಳುತ್ತಾನೆ. ಸಾಲಿಂಗೂ ಬಾಗಿಲು ಮುಚ್ಚಿಯೇ ಇತ್ತು.

ಹೊರಡುವ ದಿನ ಅವರು ಸಾಲಿಂನ ಹೆಗಲ ಮೇಲೆ ಕೈಯಿಟ್ಟು ಕಾರಿನವರೆಗೆ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಈ ನೆನಪನ್ನು ನಾನು ನಂಬುವುದಿಲ್ಲ. ಇದು ಚಕ್ರವರ್ತಿಯ ಪುಟದಿಂದ ಬಂದು ಸೇರಿಕೊಂಡದ್ದು. ನಿಜವಾಗಿ ಸಾಲಿಂ ಎಲ್ಲಿಂದಲೋ ಗಾಲಿಕುರ್ಚಿ ತಂದಿದ್ದ, ಒಂದು ಚಕ್ರ ಸರಿಯಿರಲಿಲ್ಲ, ಮುಅಲ್ಲಿಂ ಆ ಚಕ್ರವನ್ನು ಬೈಯುತ್ತ ಹೋದರು.

ಊರಿಗೆ ಹೋದ ಮೇಲೆ ಒಮ್ಮೆ ಫೋನ್ ಮಾಡಿದೆ. ಹೇಳಲೇಬೇಕೆಂದು ಕಾಗದದಲ್ಲಿ ಬರೆದಿಟ್ಟುಕೊಂಡೇ ಮಾಡಿದ್ದೆ. ಅವರೇ ಮೊದಲು ಕೇಳಿದರು, “ನಿನ್ನ ರಾಜ ಕೊನೆಗೆ ಎಂತದ್ರಲ್ಲಿ ಸತ್ತ? ಅದೊಂದು ನೀನು ಹೇಳಲೇ ಇಲ್ಲ.”

“ಜ್ವರದಲ್ಲಿ. ಮಲೇರಿಯಾ ಅಂತಾರೆ.”

“ಕಾಲಲ್ಲಿ ಅಲ್ಲವಾ?” ಅವರ ದನಿ ಅರಳಿತು. “ಸೊಳ್ಳೆಯಿಂದಲಾ? ನೋಡು, ಕಾಲಿಗೆ ಅವ ಸೋಲಲಿಲ್ಲ.”

“ಮುಅಲ್ಲಿಂ, ಆ ಶುಕ್ರವಾರ ಬಿಲ್ಲೆ ಕಟ್ಟುವಾಗ ನಾನು...”

“ಅವತ್ತು ಅಕ್ಕಿ ಸ್ವಲ್ಪ ಹೆಚ್ಚು ಬೆಂದಿತ್ತು,” ಎಂದರು. “ಮುದುಕರಿಗೆ ಗೊತ್ತಾಗಿರ್ಬೇಕು, ಹೇಳಲಿಲ್ಲ ಪಾಪ. ನಿನ್ನ ಮನೆಯಲ್ಲಿ ಎಲ್ಲ ಸೌಖ್ಯವಾ?”

ಆಮೇಲೆ ನಾನು ಆ ಮಾತು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ನನ್ನ ಬಿಲ್ಲೆ ತಪ್ಪಿ ಅವರ ಮೂಗು ಅದನ್ನು ಸರಿಮಾಡಿರಬಹುದು. ಬಿಲ್ಲೆ ಸರಿಯಿದ್ದು, ಎರಡು ವರ್ಷದಲ್ಲಿ ಮೊದಲ ಸಲ ಅವರ ಮೂಗೇ ತಪ್ಪಿರಬಹುದು, ದಾರಿಯ ನಡುವೆ ಅದು ಅವರಿಗೆ ಹೊಳೆದಿರಲೂಬಹುದು. ಆಣೆ ಯಾಕೆ ಮಾಡಲಿಲ್ಲ ಎಂದು ನಾನು ಕೇಳಲಿಲ್ಲ. ಆ ಮಧ್ಯಾಹ್ನ ಅವರು ಯಾರ ಕುರಿ ತಿಂದರು ಎಂಬುದು ನನಗೆ ಗೊತ್ತಿಲ್ಲ. ಅವರಿಗೆ ಗೊತ್ತಿತ್ತೇ ಎಂಬುದೂ ಗೊತ್ತಿಲ್ಲ.